ವಿದ್ಯಾಪೀಠಗಳೂ ಕಾಲ್ಚೆಂಡಾಟವೂ

ವಿದ್ಯೆಯನ್ನು ಕಲಿಸುವುದಕ್ಕಾಗಿ ಸ್ಥಾಪಿತವಾದ ಸಂಸ್ಥೆಯೊಂದು, ಬಹಳ ವೆಚ್ಚವೂ ಅಷ್ಟೇ ಅಪಾಯವೂ ಉಳ್ಳ ಆಟವೊಂದನ್ನು ಹೊಸದಾಗಿ ಏಕೆ ಕೈಕೊಳ್ಳಬೇಕು? ಈ ಪ್ರಶ್ನೆಯು ಮೊದಲ ನೋಟಕ್ಕೆ ಆಡಳಿತಗಾರರಿಗೆ ಮಾತ್ರ ಸೇರಿದುದೆಂದು ತೋರಬಹುದು. ಸ್ವಲ್ಪ ಒಳಹೊಕ್ಕು ನೋಡಿದರೆ, ಸಾಧ್ಯಕ್ಕೂ ಸಾಧನಕ್ಕೂ ಇರತಕ್ಕ ಸಂಬಂಧವೇನು, ಒಳ್ಳೆಯದೊಂದರ ಕಡೆಗೆ ಜನರನ್ನು ಬೇರೊಂದು ಆಸೆ ತೋರಿಸಿ ಕರೆಯಬಹುದೆ, ಒಬ್ಬರು ಪಡೆಯುವ ಗೌರವಕ್ಕೆ ಮತ್ತೊಬ್ಬರು ಬೆಲೆ ತೆರಬಹುದೆ ಎಂಬ ಹಳೆಯ ಧರ್ಮಪ್ರಶ್ನೆಗಳೇ ಇಲ್ಲಿ ಹೊಸ ವೇಷ ತೊಟ್ಟು ನಿಂತಿರುವುದು ಕಾಣುತ್ತದೆ. ಈ ವಿಷಯವು ಎಲ್ಲಕ್ಕಿಂತ ಸ್ಫುಟವಾಗಿ ತೋರಿಬಂದಿರುವುದು ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ. ಅಲ್ಲಿಯ ಕಾಲೇಜುಗಳಲ್ಲಿ ಇಂದು ಕನ್ನಡ ಮನೆತನಗಳ ಮಕ್ಕಳೂ ಓದುತ್ತಿದ್ದಾರೆ. ಅವರ ತಂದೆತಾಯಿಗಳು ಕಟ್ಟುವ ಶುಲ್ಕದ ಒಂದು ಪಾಲು ಅನೇಕ ಕಡೆ ಈ ಆಟಕ್ಕೆ ಸಲ್ಲುತ್ತದೆ. ಆದಕಾರಣ ವಿಚಾರವು ನಮಗೆ ತೀರ ದೂರದ್ದೆಂದು ಹೇಳುವಂತಿಲ್ಲ.

ಮೊದಲು ಆಟದ ವಿಷಯವಾಗಿ ಒಂದೆರಡು ಮಾತು. ಕಾಲ್ಚೆಂಡು ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಗುಂಡಾದ ಚೆಂಡನ್ನು ಕಾಲಿನಿಂದ ಒದೆದಾಡುವ ಆಟ. ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವುದು ಬೇರೆ. ಅವರ ಚೆಂಡು ಎರಡು ತುದಿಗಳಲ್ಲಿಯೂ ಮೊನೆಯಾದ ಅಂಡಾಕೃತಿಯದು. ಬಹುಮಟ್ಟಿಗೆ ಅದನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಇಲ್ಲವೆ ಮುಂದಿರುವ ಜೊತೆಗಾರನಿಗೆ ಎಸೆಯುತ್ತಾರೆ. ಕಣದಲ್ಲಿ ಪಕ್ಷವೊಂದಕ್ಕೆ ಹನ್ನೊಂದು ಮಂದಿ. ಎದುರಾಳಿಯ ಮೇಲೆ ಬಿದ್ದು ಅವನನ್ನು ನೆಲಕ್ಕೆ ಕೆಡಹುವುದು ಇಲ್ಲಿ ತಪ್ಪಲ್ಲ, ಆಟದ ಮುಖ್ಯಾಂಗವೇ ಆಗಿದೆ. ಆದುದರಿಂದಲೇ ಆಟಗಾರರು ಶಿರಸ್ತ್ರಾಣವನ್ನೂ ಭುಜಕವಚವನ್ನೂ ಧರಿಸಿ ಇಳಿಯುತ್ತಾರೆ. ಆಕ್ರಮಣಕ್ಕೆ ಒಂದು ಗುಂಪು, ರಕ್ಷಣೆಗೆ ಮತ್ತೊಂದು ಗುಂಪು, ಪೆಟ್ಟು ತಿಂದವರ ಸ್ಥಾನಕ್ಕೆ ಬೇರೆ ಕೆಲವರು, ಹೀಗೆ ಕಾಲೇಜೊಂದರ ತಂಡದಲ್ಲಿ ನೂರು ಮಂದಿ ತರುಣರಿರುವುದು ಸಾಮಾನ್ಯ. ಈ ಸಂಖ್ಯೆಯನ್ನು ವಾಚಕರು ನೆನಪಿನಲ್ಲಿಟ್ಟಿರಬೇಕೆಂದು ಪ್ರಾರ್ಥನೆ.

ಆಟವು ವಿದ್ಯಾರ್ಥಿಗಳಿಂದಲೇ ಹುಟ್ಟಿತು; ಅಧಿಕಾರಿಗಳಿಂದಲ್ಲ. 1869ನೆಯ ನವೆಂಬರ್ 6ರಂದು ನ್ಯೂ ಜರ್ಸಿ ಸಂಸ್ಥಾನದ ನ್ಯೂ ಬ್ರನ್ಸ್‌ವಿಕ್ ಊರಿನಲ್ಲಿ ರಟ್ಗರ್ಸ್ ಕಾಲೇಜಿನವರೂ ಪ್ರಿನ್ಸ್‌ಟನ್ನಿನವರೂ ಪಕ್ಷಕ್ಕೆ ಇಪ್ಪತ್ತೈದು ಮಂದಿಯಂತೆ ಆಡಿದರು. ರಟ್ಗರ್ಸ್ 6ಕ್ಕೆ 4ರಂತೆ ಗೆದ್ದಿತು. ಕಾಲೇಜುಗಳ ನಡುವಣ ಮೊದಲ ಪಂದ್ಯವೆಂದು ಇದನ್ನು ಎಣಿಸುವುದು ವಾಡಿಕೆ. ಆಗಿನ ಆಟ ಇಂದಿನದಕ್ಕಿಂತ ಬಹಳ ಬೇರೆಯಾಗಿದ್ದಿತು. 1880ರ ಈಚೆಗೆ ಯೇಲ್ ವಿದ್ಯಾಪೀಠದ ವಾಲ್ಟರ್ ಕ್ಯಾಂಪ್ ಎಂಬವರ ಪ್ರೇರಣೆಯಿಂದ ನಿಯಮಗಳು ಒಂದೊಂದಾಗಿ ಬದಲಾಗಿ ಈಗಿನ ರೂಪ ಬರತೊಡಗಿತು. ತರುಣರು ತಮ್ಮ ಉತ್ಸಾಹಕ್ಕಾಗಿ ಆಡಿದ ಆಟಕ್ಕೆ ನೋಡುವವರು ಸೇರಿದರು. ನೋಡುವವರು ಸೇರಿದಲ್ಲಿ ಹಣ ಸೇರಿತು. ಹಣ ಸೇರಿದಲ್ಲಿ ಸಂಸ್ಥೆಗಳ ಗಮನವೂ ಸೇರಿತು.

ಆಟದ ಕ್ರೌರ್ಯವೂ ಜೊತೆಗೆ ಬೆಳೆಯಿತು. 1905ರಲ್ಲಿ ಪೆಟ್ಟುತಿಂದು ಸತ್ತ ತರುಣರ ಲೆಕ್ಕವನ್ನು ಪತ್ರಿಕೆಗಳು ಪ್ರಕಟಿಸಿದಾಗ ದೇಶವು ಬೆಚ್ಚಿತು. ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟರು ಆ ವರ್ಷದ ಅಕ್ಟೋಬರಿನಲ್ಲಿ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ನುಗಳ ಪ್ರತಿನಿಧಿಗಳನ್ನು ತಮ್ಮ ಭವನಕ್ಕೆ ಕರೆಸಿ ಆಟವನ್ನು ಸುಧಾರಿಸಬೇಕೆಂದು ಹೇಳಿದರು. ಕೊಲಂಬಿಯಾ ವಿದ್ಯಾಪೀಠವು ಆಟವನ್ನೇ ನಿಲ್ಲಿಸಿತು. ಹತ್ತು ವರ್ಷಗಳ ಮೇಲೆ, 1915ರಲ್ಲಿ, ಮತ್ತೆ ತೊಡಗಿತು. 1906ರಲ್ಲಿ ಕಾಲೇಜುಗಳ ಕ್ರೀಡಾಸಂಘವೊಂದು ಏರ್ಪಟ್ಟು, 1910ರಲ್ಲಿ ಇಂದಿನ ರಾಷ್ಟ್ರೀಯ ಕಾಲೇಜು ಕ್ರೀಡಾಸಂಘವೆಂಬ ಹೆಸರನ್ನು ಪಡೆಯಿತು. ನಿಯಮಗಳು ಸುಧಾರಿಸಿದುವು, ಆಟವು ಉಳಿಯಿತು. ಈ ಆಟವು ನಿಂತರೂ ಮತ್ತೆ ಚಿಗುರುತ್ತದೆಂಬುದನ್ನು ಇಲ್ಲಿಯೇ ಗಮನಿಸಬಹುದು.

ಹಳೆಯ ವಿದ್ಯಾಪೀಠಗಳು ಬಂದುದನ್ನು ಉಳಿಸಿಕೊಂಡವೆಂದರೆ ಅದು ಸಂಪ್ರದಾಯದ ಮಾತು. ನಮ್ಮ ಪ್ರಶ್ನೆಯಿರುವುದು ಇಲ್ಲದುದನ್ನು ತಂದುಕೊಂಡವರ ವಿಷಯದಲ್ಲಿ. ಈ ಶತಮಾನದಲ್ಲಿ ಅಂಥವರ ಪಟ್ಟಿ ಉದ್ದವಾಗುತ್ತ ಬಂದಿದೆ. ಫ್ಲಾರಿಡಾ ಅಟ್ಲಾಂಟಿಕ್ 2001ರಲ್ಲಿಯೂ, ಜಾರ್ಜಿಯಾ ಸ್ಟೇಟ್ 2010ರಲ್ಲಿಯೂ, ಸ್ಯಾನ್ ಆಂಟೋನಿಯೋದ ಟೆಕ್ಸಾಸ್ ವಿದ್ಯಾಪೀಠವು 2011ರಲ್ಲಿಯೂ, ಷಾರ್ಲಟ್ ನಗರದ ಉತ್ತರ ಕೆರೊಲೈನಾ ವಿದ್ಯಾಪೀಠವು 2013ರಲ್ಲಿಯೂ ಆಡತೊಡಗಿದುವು. ಮೆಕ್ಸಿಕೋದ ಗಡಿಯಲ್ಲಿರುವ ರಿಯೋ ಗ್ರಾಂಡ್ ಕಣಿವೆಯ ಟೆಕ್ಸಾಸ್ ವಿದ್ಯಾಪೀಠವು 2025ರಲ್ಲಿ ಮೊದಲ ಸಲ ಕಣಕ್ಕಿಳಿಯಿತು. ಹೆಸರು ಕೇಳದ ಸಣ್ಣ ಸಣ್ಣ ಕಾಲೇಜುಗಳು ಇನ್ನೆಷ್ಟೋ ಇವೆ. ಇವೆಲ್ಲವೂ ಆಟದ ಖರ್ಚನ್ನೂ ಅಪಾಯವನ್ನೂ ಅರಿತೇ ಹೊರಟವು. ಅವುಗಳನ್ನು ಪ್ರೇರಿಸಿದ ಕಾರಣಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ಮೊದಲನೆಯದಾಗಿ ಹಣ. ದೊಡ್ಡ ಕ್ರೀಡಾಂಗಣಗಳು ತುಂಬಿ ತುಳುಕುವುದನ್ನೂ ದೂರದರ್ಶನದ ಕಂಪೆನಿಗಳು ಕೋಟಿಗಟ್ಟಲೆ ಸುರಿಯುವುದನ್ನೂ ನೋಡಿದ ಹೊರಗಿನವರು ಇದೇ ಕಾರಣವೆಂದು ತಟ್ಟನೆ ಹೇಳುತ್ತಾರೆ. ಆದರೆ ಆ ಹೊಳೆ ಹರಿಯುವುದು ಅತ್ಯುಚ್ಚ ಶ್ರೇಣಿಯ ಹಳೆಯ ತಂಡಗಳ ಕಡೆಗೆ. ಅಲ್ಲಿಯೂ ಕ್ರೀಡಾವಿಭಾಗವು ತನ್ನ ಖರ್ಚನ್ನು ತಾನೇ ಸಂಪಾದಿಸಿಕೊಳ್ಳುವ ವಿದ್ಯಾಪೀಠಗಳು ಕೆಲವು ಮಾತ್ರ. ಉಳಿದ ಕಡೆ ಕೊರತೆಯನ್ನು ವಿದ್ಯಾಪೀಠದ ಸಾಮಾನ್ಯ ನಿಧಿಯೋ ವಿದ್ಯಾರ್ಥಿಗಳ ಶುಲ್ಕವೋ ತುಂಬಬೇಕಾಗಿದೆ. ಸ್ತ್ರೀಪುರುಷರಿಗೆ ವಿದ್ಯಾಸಂಸ್ಥೆಗಳಲ್ಲಿ ಸಮಾನಾವಕಾಶವಿರಬೇಕೆಂದು 1972ರಲ್ಲಿ ಆದ ಕಾನೂನಿನಿಂದಾಗಿ, ನೂರು ಮಂದಿ ಹುಡುಗರಿಗೆ ತಂಡ ಕಟ್ಟಿದವರು ಹುಡುಗಿಯರ ಕ್ರೀಡೆಗಳಿಗೂ ತಕ್ಕ ಅವಕಾಶವನ್ನು ಒದಗಿಸಬೇಕು. ಇದು ನ್ಯಾಯವಾದದ್ದೇ, ಆದರೆ ವೆಚ್ಚವಂತೂ ಹೌದು. 2025ರ ಜೂನಿನಲ್ಲಿ ನ್ಯಾಯಾಲಯವು ಅಂಗೀಕರಿಸಿದ ಒಪ್ಪಂದದ ಮೇರೆಗೆ ಉಚ್ಚಶ್ರೇಣಿಯ ವಿದ್ಯಾಪೀಠಗಳು ತಮ್ಮ ಕ್ರೀಡಾಪಟುಗಳಿಗೆ ನೇರವಾಗಿಯೇ ಹಣ ಕೊಡಬಹುದು. ಮೊದಲ ವರ್ಷಕ್ಕೆ ಗೊತ್ತುಪಡಿಸಿದ ಮಿತಿ ವಿದ್ಯಾಪೀಠವೊಂದಕ್ಕೆ ಸುಮಾರು 2 ಕೋಟಿ 5 ಲಕ್ಷ ಡಾಲರು. ಹೊಸದಾಗಿ ಅಂಗಡಿ ತೆರೆಯುವವನಿಗೆ ಈ ಪೇಟೆಯಲ್ಲಿ ಲಾಭವಿದೆಯೆಂದು ಲೆಕ್ಕ ಬಲ್ಲವರಾರೂ ಹೇಳಲಾರರು. ಆದುದರಿಂದ ಹಣವೊಂದೇ ಕಾರಣವೆಂಬ ನಿಂದೆಯು ಈ ಸಂಸ್ಥೆಗಳಿಗೆ ಸಲ್ಲದು. ಹಣ ಕಳೆದುಕೊಂಡಾದರೂ ಅವು ಬೇರೇನನ್ನೋ ಕೊಳ್ಳಲೆಳಸುತ್ತಿವೆ.

ಎರಡನೆಯದು ಕೀರ್ತಿ. 1984ರ ನವೆಂಬರಿನಲ್ಲಿ ಬಾಸ್ಟನ್ ಕಾಲೇಜಿನ ಡಗ್ ಫ್ಲೂಟಿ ಎಂಬ ಆಟಗಾರನು ಮಯಾಮಿಯ ಮೇಲಿನ ಪಂದ್ಯದ ಕಟ್ಟಕಡೆಯ ಕ್ಷಣದಲ್ಲಿ ಚೆಂಡನ್ನು ಬಹುದೂರ ಎಸೆದು ಜಯವನ್ನು ತಂದುಕೊಟ್ಟನು. ದೇಶವೆಲ್ಲ ಅದನ್ನು ನೋಡಿತು. ಅದರ ಬೆನ್ನಿಗೆ ಆ ಕಾಲೇಜಿಗೆ ಪ್ರವೇಶ ಬಯಸಿದವರ ಅರ್ಜಿಗಳು ಹೆಚ್ಚಾದುವು. ಅಂದಿನಿಂದ ‘ಫ್ಲೂಟಿ ಪರಿಣಾಮ’ ಎಂಬ ಮಾತು ಆಡಳಿತಗಾರರ ಬಾಯಲ್ಲಿ ಮಂತ್ರದಂತೆ ಸಲ್ಲುತ್ತಿದೆ. ಅರ್ಜಿಗಳು ಹೆಚ್ಚಾಗಲು ಬೇರೆ ಕಾರಣಗಳೂ ಇದ್ದುವೆಂದು ಬಲ್ಲವರು ಹೇಳಿದರೂ ಮಂತ್ರಕ್ಕೆ ಬಾಧೆ ಬರಲಿಲ್ಲ. ಗೆದ್ದವನ ಹೆಸರು ಹರಡುವುದು ನಿಜವೇ. ಆದರೆ ಪ್ರತಿಯೊಂದು ಪಂದ್ಯದಲ್ಲಿಯೂ ಒಬ್ಬನು ಗೆದ್ದರೆ ಒಬ್ಬನು ಸೋಲಲೇಬೇಕು. ಎಲ್ಲರೂ ಒಟ್ಟಿಗೆ ಗೆದ್ದು ಎಲ್ಲರೂ ಒಟ್ಟಿಗೆ ಪ್ರಸಿದ್ಧರಾಗುವ ಆಟ ಲೋಕದಲ್ಲಿಲ್ಲ. ವಿದ್ಯೆಯಲ್ಲಾದರೆ ಒಂದು ಪೀಠದ ಏಳಿಗೆಯಿಂದ ಮತ್ತೊಂದಕ್ಕೆ ಕುಂದಿಲ್ಲ. ಒಬ್ಬರು ಕಂಡುಹಿಡಿದದ್ದನ್ನು ಎಲ್ಲರೂ ಉಣ್ಣುತ್ತಾರೆ. ಹೀಗಿರುವಲ್ಲಿ ಪಂದ್ಯದ ಕೀರ್ತಿಯನ್ನು ನಂಬಿ ಹೊರಡುವವರಲ್ಲಿ ಬಹುಮಂದಿಗೆ ಆಶಾಭಂಗವೇ ಕಾದಿರುತ್ತದೆ.

ಮೂರನೆಯದು ವಿದ್ಯಾರ್ಥಿಗಳ ಸಂಖ್ಯೆ. ಸಣ್ಣ ಕಾಲೇಜುಗಳ ಮಟ್ಟಿಗೆ ಇದೇ ಮುಖ್ಯ. ಇದನ್ನು ಬೇರೆಯವುಗಳಿಗಿಂತ ಹೆಚ್ಚು ತಾಳ್ಮೆಯಿಂದ ನೋಡಬೇಕು. ಅಮೆರಿಕದ ಕಾಲೇಜುಗಳಲ್ಲಿ ಇಂದು ನೂರಕ್ಕೆ ಐವತ್ತೈದಕ್ಕೂ ಹೆಚ್ಚು ಮಂದಿ ಹೆಣ್ಣುಮಕ್ಕಳು. ಹುಡುಗರು ಓದಿನಿಂದ ಹಿಮ್ಮೆಟ್ಟುತ್ತಿದ್ದಾರೆ. ಸಾವಿರ, ಒಂದೂವರೆ ಸಾವಿರ ವಿದ್ಯಾರ್ಥಿಗಳ ಶುಲ್ಕದಿಂದಲೇ ಬದುಕತಕ್ಕ ಖಾಸಗಿ ಕಾಲೇಜಿಗೆ ನೂರು ಮಂದಿ ಹುಡುಗರು ಹೆಚ್ಚಾಗಿ ಬರುವುದೆಂದರೆ ಅಳಿವು ಉಳಿವಿನ ಮಾತು. ಕ್ರೀಡಾಸಂಘದ ಮೂರನೆಯ ವಿಭಾಗದಲ್ಲಿರುವ ಕಾಲೇಜುಗಳು ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡುವಂತಿಲ್ಲ. ಅಲ್ಲಿ ಆಡುವ ಹುಡುಗನು ಶುಲ್ಕವನ್ನು ತೆತ್ತೇ ಓದುತ್ತಾನೆ. ಹೀಗಾಗಿ ಆಟದ ತರಬೇತುದಾರನು ಊರೂರು ತಿರುಗಿ ಹುಡುಗರನ್ನು ಕರೆತರುವ ಪ್ರವೇಶಾಧಿಕಾರಿಯೂ ಆಗುತ್ತಾನೆ. ಮೇರಿಲೆಂಡಿನ ಸ್ಟೀವನ್ಸನ್ ವಿದ್ಯಾಪೀಠವು 2011ರಲ್ಲಿಯೂ ಜಾರ್ಜಿಯಾದ ಬೆರ್ರಿ ಕಾಲೇಜು 2013ರಲ್ಲಿಯೂ ಈ ವಿಭಾಗದಲ್ಲಿಯೇ ಆಟವನ್ನು ತೊಡಗಿದುವು.

ಇಂಥದನ್ನು ನಮ್ಮ ಶಾಸ್ತ್ರಕಾರರು ಗುಡಜಿಹ್ವಿಕಾನ್ಯಾಯವೆಂದು ಕರೆದಿದ್ದಾರೆ. ಕಹಿಯಾದ ಔಷಧವನ್ನು ಒಲ್ಲದ ಮಗುವಿನ ನಾಲಗೆಗೆ ಮೊದಲು ಬೆಲ್ಲ ಸವರಿ, ಆಮೇಲೆ ಔಷಧವನ್ನು ಕುಡಿಸುತ್ತಾರೆ. ಇದರಲ್ಲಿ ವಂಚನೆಯಿದೆಯೆ? ತಾಯಿಯು ಮಗುವಿಗೆ ಮೋಸಮಾಡಿದಳೆಂದು ಯಾರೂ ಹೇಳರು. ಸಾಮಾನ್ಯ ಮನೆತನದ ಹುಡುಗನೊಬ್ಬನಿದ್ದಾನೆ. ಗಣಿತದಲ್ಲಿಯೂ ಸಾಹಿತ್ಯದಲ್ಲಿಯೂ ಅವನಿಗೆ ಆಸೆಯಿಲ್ಲ. ಚೆಂಡಿನಲ್ಲಿ ಮಾತ್ರ ಪ್ರಾಣ. ಆಟವಿಲ್ಲದ ಕಾಲೇಜಿಗೆ ಅವನು ಕಾಲಿಡುತ್ತಿರಲಿಲ್ಲ. ಆಟಕ್ಕೆಂದು ಬಂದನು, ಬಂದವನಿಗೆ ಎರಡನೆಯ ವರ್ಷದಲ್ಲಿ ಒಬ್ಬ ಒಳ್ಳೆಯ ಅಧ್ಯಾಪಕರ ಪರಿಚಯವಾಯಿತು, ಜೀವಶಾಸ್ತ್ರದಲ್ಲಿಯೋ ಚರಿತ್ರೆಯಲ್ಲಿಯೋ ರುಚಿ ಹುಟ್ಟಿತು. ನಾಲ್ಕು ವರ್ಷಗಳ ಮೇಲೆ ಆಟವು ಬಿಟ್ಟುಹೋದರೂ ವಿದ್ಯೆಯು ಉಳಿಯಿತು. ಇಂಥ ಹುಡುಗನು ಕಲ್ಪಿತನಾದರೂ ಅಸಂಭವನಲ್ಲ. ಅವನ ನಿಮಿತ್ತವಾಗಿ ಬೆಲ್ಲವನ್ನು ಸವರಿದವರನ್ನು ನಾವು ಹಳಿಯಲಾರೆವು.

ಆದರೆ ಈ ನ್ಯಾಯಕ್ಕೆ ಎರಡು ನಿಬಂಧನೆಗಳುಂಟು. ಬೆಲ್ಲದ ಹಿಂದೆ ಔಷಧವು ಬರಲೇಬೇಕು. ಬೆಲ್ಲವು ತಾನೇ ವಿಷವಾಗಿರಕೂಡದು. ಔಷಧಶಾಲೆಯವನು ಬೆಲ್ಲದ ವ್ಯಾಪಾರ ಚೆನ್ನಾಗಿದೆಯೆಂದು ಔಷಧದ ಕಪಾಟನ್ನು ಒಳಕೋಣೆಗೆ ತಳ್ಳಿದರೆ, ಮೇಲಿನ ಹಲಗೆಯಲ್ಲಿ ಬರೆದ ಹೆಸರು ಸುಳ್ಳಾಗುತ್ತದೆ. ಮುಂದಿನ ವಿಚಾರವೆಲ್ಲ ಈ ಎರಡು ನಿಬಂಧನೆಗಳನ್ನು ಅವಲಂಬಿಸಿದೆ.

ಸಂಖ್ಯೆಯ ದೃಷ್ಟಿಯಿಂದ ನೋಡಿದರೂ ಬೆಲ್ಲದ ಗುಣ ಬಹುಕಾಲ ನಿಲ್ಲುವಂತೆ ಕಾಣುವುದಿಲ್ಲ. ಈ ಶತಮಾನದ ಮೊದಲೆರಡು ದಶಕಗಳಲ್ಲಿ ಆಟವನ್ನು ಹೊಸದಾಗಿ ತೊಡಗಿದ ಕಾಲೇಜುಗಳನ್ನು ಅಂಥವೇ ಆದ ಇತರ ಕಾಲೇಜುಗಳೊಡನೆ ಹೋಲಿಸಿ, ಜಾರ್ಜಿಯಾ ವಿದ್ಯಾಪೀಠದ ವಿದ್ವಾಂಸರು 2024ರಲ್ಲಿ ಒಂದು ಪರಿಶೋಧನೆಯನ್ನು ಪ್ರಕಟಿಸಿದರು. ಮೊದಮೊದಲು ವಿದ್ಯಾರ್ಥಿಗಳ ಸಂಖ್ಯೆ ಕೊಂಚ ಏರುವುದೆಂದೂ, ಕೆಲವು ವರ್ಷಗಳಲ್ಲಿ ಆ ಏರಿಕೆಯು ನಿಲ್ಲದೆ ಹೋಗುವುದೆಂದೂ ಅವರು ಕಂಡರು. ಅಲಬಾಮಾ ಸಂಸ್ಥಾನದ ಬರ್ಮಿಂಗ್‌ಹ್ಯಾಮ್ ಸದರ್ನ್ ಕಾಲೇಜು 2007ರಲ್ಲಿ ಆಟವನ್ನು ಮತ್ತೆ ತೊಡಗಿತ್ತು. ಬೇರೆ ಬೇರೆ ಆರ್ಥಿಕ ಕಷ್ಟಗಳಿಗೆ ಸಿಕ್ಕಿ 2024ರ ಮೇ 31ರಂದು ಮುಚ್ಚಿಹೋಯಿತು. ಆ ದಿನ ಅದರ ಬೇಸ್‌ಬಾಲ್ ತಂಡವು ದೂರದ ಊರಿನಲ್ಲಿ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಆಡುತ್ತಿದ್ದಿತು. ಕಾಲೇಜೇ ಇಲ್ಲದ ಮೇಲೂ ಕಾಲೇಜಿನ ಹೆಸರು ತೊಟ್ಟವರು ಒಂದೆರಡು ದಿನ ಕಣದಲ್ಲಿದ್ದರು. ಆಟವು ಕಾಲೇಜನ್ನು ಕೊಂದಿತೆಂದು ನಾವು ಹೇಳುವುದಿಲ್ಲ. ಆಟವು ಅದನ್ನು ಉಳಿಸಲಾರದಾಯಿತೆಂಬುದು ಮಾತ್ರ ಸ್ಪಷ್ಟ.

ಇನ್ನು ನಾಲ್ಕನೆಯ ಕಾರಣ. ಇದನ್ನು ಪತ್ರಗಳಲ್ಲಿ ಬರೆಯುವುದು ಕಡಮೆ. ಮನಸ್ಸಿನಲ್ಲಿ ಅತ್ಯಂತ ಬಲವಾಗಿರುವುದು ಇದೇ ಎಂದು ನಮಗೆ ತೋರುತ್ತದೆ. ವಿದ್ಯಾಪೀಠವೆಂಬುದು ಕಣ್ಣಿಗೆ ಕಾಣುವ ವಸ್ತುವಲ್ಲ. ಒಬ್ಬನು ಪ್ರಯೋಗಶಾಲೆಯಲ್ಲಿ, ಒಬ್ಬಳು ಗ್ರಂಥಾಲಯದಲ್ಲಿ, ಮತ್ತೊಬ್ಬನು ಸಂಜೆಯ ತರಗತಿ ಮುಗಿಸಿ ಮನೆಯ ದಾರಿಯಲ್ಲಿ. ಇವರೆಲ್ಲ ಒಂದು ಎಂಬ ಭಾವನೆ ಹುಟ್ಟುವುದು ಎಲ್ಲಿ? ನಮ್ಮ ಊರುಗಳಲ್ಲಿ ಆ ಕೆಲಸವನ್ನು ತೇರು ಮಾಡುತ್ತದೆ. ವರ್ಷವೆಲ್ಲ ಬೇರೆ ಬೇರೆ ಬೀದಿಗಳಲ್ಲಿ ಬದುಕಿದವರು ಆ ಒಂದು ದಿನ ಹಗ್ಗಕ್ಕೆ ಕೈಹಾಕಿ, ನಾವು ಈ ಊರಿನವರು ಎಂದು ತಿಳಿಯುತ್ತಾರೆ. ಪರಸ್ಥಳಕ್ಕೆ ಹೋದವರೂ ಅಂದು ಬಂದು ಸೇರುತ್ತಾರೆ. ಅಮೆರಿಕದ ಕಾಲೇಜಿಗೆ ಶರತ್ಕಾಲದ ಶನಿವಾರವೇ ತೇರಿನ ದಿನ. ನಗರದ ನಡುವೆ ಹುಟ್ಟಿ, ವಿದ್ಯಾರ್ಥಿಗಳು ಬಂದುಹೋಗುವ ತಂಗುದಾಣದಂತಿದ್ದ ಹೊಸ ವಿದ್ಯಾಪೀಠಗಳು ಬಯಸುವುದು ಈ ತೇರನ್ನು. 1969ರಲ್ಲಿ ಸ್ಥಾಪಿತವಾದ ಸ್ಯಾನ್ ಆಂಟೋನಿಯೋದ ವಿದ್ಯಾಪೀಠವು 2011ರಲ್ಲಿ ಮೊದಲ ಪಂದ್ಯವನ್ನಾಡಿದಾಗ 56,743 ಮಂದಿ ಸೇರಿದರು. ನಲವತ್ತು ವರ್ಷಗಳ ವಿದ್ಯಾದಾನವು ಅಷ್ಟು ಜನರನ್ನು ಒಂದೆಡೆಯಲ್ಲಿ ಎಂದೂ ಸೇರಿಸಿರಲಾರದು.

ಈ ಅಭಿಮಾನವು ಸುಳ್ಳೆಂದು ತಳ್ಳಿಬಿಡುವುದು ಸುಲಭ, ನ್ಯಾಯವಲ್ಲ. ಮೇಲೆ ಹೇಳಿದ ಬರ್ಮಿಂಗ್‌ಹ್ಯಾಮ್ ನಗರದಲ್ಲಿಯೇ ಇರುವ ಅಲಬಾಮಾ ಸರಕಾರಿ ವಿದ್ಯಾಪೀಠವು ವೆಚ್ಚವನ್ನು ತಾಳಲಾರೆವೆಂದು 2014ರ ಡಿಸೆಂಬರಿನಲ್ಲಿ ಆಟವನ್ನು ನಿಲ್ಲಿಸಿತು. ಆಟಗಾರರು ಅತ್ತರು, ವಿದ್ಯಾರ್ಥಿಗಳೂ ಊರಿನವರೂ ಬೀದಿಗಿಳಿದರು, ವರ್ತಕರೂ ಹಳೆಯ ವಿದ್ಯಾರ್ಥಿಗಳೂ ಹಣ ಕೂಡಿಸಿಕೊಡುವೆವೆಂದು ಮುಂದೆ ಬಂದರು. ಆರು ತಿಂಗಳಲ್ಲಿ ತೀರ್ಮಾನವು ತಿರುಗಿತು. 2017ರಲ್ಲಿ ತಂಡವು ಮತ್ತೆ ಆಡಿತು. ಜನರು ತಮ್ಮ ಕೈಯಾರೆ ಹಣ ತೆತ್ತು ಉಳಿಸಿಕೊಂಡದ್ದನ್ನು ಮೋಹವೆಂದು ಮಾತ್ರ ಕರೆದರೆ ಮನುಷ್ಯಸ್ವಭಾವದ ಅರ್ಧವನ್ನು ಅರಿಯದೆ ಹೋದಂತೆ. ಒಟ್ಟಿಗೆ ಸೇರುವುದು, ಒಂದರೊಡನೆ ತನ್ನನ್ನು ಗುರುತಿಸಿಕೊಳ್ಳುವುದು, ಇವು ಮನುಷ್ಯನಿಗೆ ಅನ್ನದಷ್ಟೇ ಅವಶ್ಯವಾದ ಸುಖಗಳು.

ಹಾಗಾದರೆ ಆಕ್ಷೇಪವೆಲ್ಲಿ? ತೇರಿನ ಸುಖವು ಊರಿಗೆಲ್ಲ; ಚಕ್ರದ ಬಳಿಯಲ್ಲಿ ನಿಂತವರು ಕೆಲವರು. ಅವರು ಯಾರೆಂಬುದನ್ನು ನೋಡಬೇಕು.

ಮೊದಲನೆಯವರು ಶುಲ್ಕ ತೆರುವ ಸಾಮಾನ್ಯ ವಿದ್ಯಾರ್ಥಿಗಳು. ಆಟವನ್ನು ತೊಡಗುವ ಮುನ್ನ ಅನೇಕ ಕಡೆ ವಿದ್ಯಾರ್ಥಿಗಳ ಮತವನ್ನು ತೆಗೆದುಕೊಳ್ಳುವ ಪದ್ಧತಿಯಿದೆ, ಇದು ಪ್ರಶಂಸನೀಯವೇ. ಆದರೆ ಮತದ ಸ್ವರೂಪವನ್ನು ನೋಡಿ. ಸ್ಯಾನ್ ಆಂಟೋನಿಯೋದಲ್ಲಿ ಶುಲ್ಕವನ್ನು ಹೆಚ್ಚಿಸಲು ವಿದ್ಯಾರ್ಥಿಗಳು ಒಪ್ಪಿದ್ದು 2007ರಲ್ಲಿ, ಮೊದಲ ಪಂದ್ಯ 2011ರಲ್ಲಿ. ರಿಯೋ ಗ್ರಾಂಡ್ ಕಣಿವೆಯಲ್ಲಿ ಮತವಾದದ್ದು 2021ರಲ್ಲಿ, ಆಟವಾದದ್ದು 2025ರಲ್ಲಿ. ನಾಲ್ಕು ವರ್ಷಗಳ ಓದಿನಲ್ಲಿ ಮತವಿತ್ತವರಲ್ಲಿ ಬಹುಮಂದಿ ಅಷ್ಟರೊಳಗೆ ಪದವಿ ಪಡೆದು ಹೊರಟುಹೋಗಿರುತ್ತಾರೆ. ಒಪ್ಪಿದವರು ಒಬ್ಬರು, ಮುಂದೆ ವರ್ಷವರ್ಷವೂ ತೆರುವವರು ಮತ್ತೊಬ್ಬರು. ಹಗಲು ಕೂಲಿಮಾಡಿ ಸಂಜೆ ಓದುವ, ಶನಿವಾರವೂ ದುಡಿಮೆಗೆ ಹೋಗಬೇಕಾದ ವಿದ್ಯಾರ್ಥಿನಿಯೊಬ್ಬಳು ತಾನು ನೋಡದ ಆಟಕ್ಕೆ ತನ್ನ ಸಾಲದ ಹಣದಿಂದ ಪಾಲು ಕೊಡುತ್ತಾಳೆ. ತಂದೆಯ ಸಾಲವನ್ನು ಮಗನು ತೀರಿಸುವುದುಂಟು. ಆದರೆ ಅಲ್ಲಿ ಮನೆಯೂ ಮಗನಿಗೆ ಬರುತ್ತದೆ.

ಎರಡನೆಯವರು ಆಡುವ ಹುಡುಗರೇ. ಇಲ್ಲಿ ಎರಡನೆಯ ನಿಬಂಧನೆ, ಬೆಲ್ಲವು ವಿಷವಾಗಿರಕೂಡದೆಂಬುದು, ನೆನಪಿಗೆ ಬರಬೇಕು. ಮೂಳೆ ಮುರಿದರೆ ಕೂಡಬಹುದು. ತಲೆಗೆ ಮತ್ತೆ ಮತ್ತೆ ಬೀಳುವ ಪೆಟ್ಟಿನಿಂದ ಮಿದುಳಿಗೆ ಒಂದು ಬಗೆಯ ಕ್ಷಯವುಂಟಾಗುವುದೆಂದೂ, ಅದು ಬಹುವರ್ಷಗಳ ಮೇಲೆ ಸ್ಮೃತಿಯನ್ನೂ ಸ್ವಭಾವವನ್ನೂ ಕೆಡಿಸಬಲ್ಲುದೆಂದೂ ಈಗ ವೈದ್ಯರು ತಿಳಿದಿದ್ದಾರೆ. ಬಾಸ್ಟನ್ ವಿದ್ಯಾಪೀಠದ ಪರಿಶೋಧಕರು 2017ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಮರಣಾನಂತರ ದಾನವಾಗಿ ಬಂದ ಆಟಗಾರರ ಮಿದುಳುಗಳಲ್ಲಿ, ಕಾಲೇಜಿನ ಮಟ್ಟದವರೆಗೆ ಆಡಿದ್ದ 53 ಮಂದಿಯಲ್ಲಿ 48 ಮಂದಿಗೆ ಈ ವ್ಯಾಧಿಯ ಗುರುತುಗಳಿದ್ದುವು. ರೋಗಲಕ್ಷಣಗಳನ್ನು ಕಂಡು ಸಂಶಯಪಟ್ಟ ಮನೆಯವರೇ ಹೆಚ್ಚಾಗಿ ದಾನಮಾಡಿರುವರಾದ್ದರಿಂದ ಆಡುವವರೆಲ್ಲರಿಗೂ ಇದೇ ಪ್ರಮಾಣವೆಂದು ಹೇಳಲಾಗದು. ಇದನ್ನು ಆ ಪರಿಶೋಧಕರೇ ಒಪ್ಪಿದ್ದಾರೆ. ಪ್ರಮಾಣವೆಷ್ಟೇ ಇರಲಿ, ಅಪಾಯವಂತೂ ಕಲ್ಪನೆಯಲ್ಲ. ಇತರ ಸಂಸ್ಥೆಗಳು ಈ ಆಟವನ್ನು ನಡೆಸುವುದಕ್ಕೂ ವಿದ್ಯಾಪೀಠವು ನಡೆಸುವುದಕ್ಕೂ ಇಲ್ಲಿ ಒಂದು ಭೇದವಿದೆ. ವಿದ್ಯಾಪೀಠವು ಮನಸ್ಸನ್ನು ಬೆಳೆಸುವೆನೆಂದು ವಚನವಿತ್ತು ಹುಡುಗನನ್ನು ತೆಗೆದುಕೊಂಡಿದೆ. ಮಿದುಳಿಗೆ ಅಪಾಯವಿರುವ ಕೆಲಸಕ್ಕೆ ಆ ಸಂಸ್ಥೆಯೇ ಅವನನ್ನು ಕರೆದರೆ, ಕರೆಯುವಾಗ ಅದು ಇತರರಿಗಿಂತ ಹೆಚ್ಚು ಸತ್ಯವನ್ನು ನುಡಿಯಬೇಕಾಗುತ್ತದೆ.

ಇಷ್ಟು ವಿಚಾರದ ಮೇಲೆ ನಿರ್ಣಯಕ್ಕೆ ಸಹಾಯವಾಗುವ ಒಂದು ನಿದರ್ಶನವನ್ನು ನೋಡೋಣ. ಷಿಕಾಗೋ ವಿದ್ಯಾಪೀಠವು 1892ರಲ್ಲಿ ಪಾಠಗಳನ್ನು ಆರಂಭಿಸಿತು. ಅದರ ಮೊದಲ ಅಧ್ಯಕ್ಷ ವಿಲಿಯಂ ರೇನಿ ಹಾರ್ಪರರು ಹೀಬ್ರೂ ಭಾಷೆಯ ದೊಡ್ಡ ವಿದ್ವಾಂಸರು. ಆ ವರ್ಷವೇ ಅವರು ಏಮಸ್ ಅಲಾಂಜೊ ಸ್ಟ್ಯಾಗ್ ಎಂಬ ಆಟಗಾರರನ್ನು ಪ್ರಾಧ್ಯಾಪಕರ ಸಾಲಿನಲ್ಲಿ ಸ್ಥಾನವಿತ್ತು ಬರಮಾಡಿಕೊಂಡು ತಂಡವನ್ನು ಕಟ್ಟಿಸಿದರು. ಪೂರ್ವಚರಿತ್ರೆಯಿಲ್ಲದ ಹೊಸ ಸಂಸ್ಥೆಗೆ ಹೆಸರನ್ನೂ ಅಭಿಮಾನವನ್ನೂ ತರುವ ಉಪಾಯವಿದೆಂದು ಅವರು ಅರಿತಿದ್ದರು. ಇಂದಿನ ಹೊಸ ವಿದ್ಯಾಪೀಠಗಳು ಮಾಡುತ್ತಿರುವುದನ್ನು ಅವರು ಆಗಲೇ ಮಾಡಿದರು. ಉಪಾಯವು ಫಲಿಸಿತು. ನಾಲ್ವತ್ತು ವರ್ಷಗಳ ಕಾಲ ಸ್ಟ್ಯಾಗರ ತಂಡಗಳು ದೇಶದಲ್ಲಿ ಹೆಸರಾದುವು. 1935ರಲ್ಲಿ ಅತ್ಯುತ್ತಮ ಆಟಗಾರನಿಗೆಂದು ಮೊದಲ ಸಲ ಕೊಡಲ್ಪಟ್ಟ ಪಾರಿತೋಷಕವು, ಮುಂದೆ ಹೈಸ್‌ಮನ್ ಎಂದು ಹೆಸರಾದದ್ದು, ಷಿಕಾಗೋದ ಜೇ ಬರ್ವ್ಯಾಂಗರನಿಗೆ ಸಂದಿತು.

ಅಷ್ಟರಲ್ಲಿ ಕಾಲವು ಬದಲಾಗಿತ್ತು. ಆಟವನ್ನೇ ವೃತ್ತಿಯಂತೆ ನಡೆಸುವ ವಿದ್ಯಾಪೀಠಗಳ ಮುಂದೆ, ಪರೀಕ್ಷೆಯ ಕಟ್ಟುನಿಟ್ಟನ್ನು ಸಡಿಲಿಸದ ಷಿಕಾಗೋ ನಿಲ್ಲಲಾರದಾಯಿತು. 1939ರಲ್ಲಿ ಮಿಷಿಗನ್ ವಿದ್ಯಾಪೀಠವು ಅದನ್ನು 85ಕ್ಕೆ ಸೊನ್ನೆಯಂತೆ ಸೋಲಿಸಿತು. ಆಗಿನ ಅಧ್ಯಕ್ಷ ರಾಬರ್ಟ್ ಮೇನಾರ್ಡ್ ಹಚಿನ್ಸರು ಹಿಂದಿನ ವರ್ಷವೇ ಪ್ರಸಿದ್ಧ ವಾರಪತ್ರಿಕೆಯೊಂದರಲ್ಲಿ ಲೇಖನ ಬರೆದು, ಪಂದ್ಯದ ಪ್ರವೇಶದರವನ್ನು ಹತ್ತು ಸೆಂಟುಗಳಿಗೆ ಇಳಿಸಿಬಿಟ್ಟರೆ ಆಟಕ್ಕಂಟಿದ ರೋಗವು ತಾನಾಗಿ ಬಿಡುವುದೆಂದು ಸೂಚಿಸಿದ್ದರು. ಡಿಸೆಂಬರಿನಲ್ಲಿ ಧರ್ಮದರ್ಶಿಗಳು ಆಟವನ್ನು ನಿಲ್ಲಿಸಿದರು. ಅವರ ಮುಂದೆ ಮೂರು ದಾರಿಗಳಿದ್ದುವು. ವಿದ್ಯಾರ್ಥಿಗಳಲ್ಲದವರನ್ನು ವಿದ್ಯಾರ್ಥಿಗಳೆಂದು ಕರೆದು ಗೆಲ್ಲಬಹುದಾಗಿತ್ತು, ನಿಜವಾದ ವಿದ್ಯಾರ್ಥಿಗಳನ್ನು ವಾರವಾರವೂ ಅವಮಾನಕ್ಕೂ ಪೆಟ್ಟಿಗೂ ಒಡ್ಡಬಹುದಾಗಿತ್ತು, ಅಥವಾ ಬಿಡಬಹುದಾಗಿತ್ತು. ಅವರು ಬಿಟ್ಟರು. ಪಾಳುಬಿದ್ದ ಆ ಕ್ರೀಡಾಂಗಣದ ಮೆಟ್ಟಲುಗಳ ಕೆಳಗಣ ಕೋಣೆಯೊಂದರಲ್ಲಿ 1942ರ ಡಿಸೆಂಬರ್ 2ರಂದು ಎನ್ರಿಕೊ ಫರ್ಮಿಯವರೂ ಅವರ ಜೊತೆಗಾರರೂ ಪರಮಾಣುವಿನ ಸರಣಿಕ್ರಿಯೆಯನ್ನು ಮೊತ್ತಮೊದಲು ನಡೆಸಿದರು. ಮುಂದೆ ಆ ನೆಲದ ಮೇಲೆಯೇ ವಿದ್ಯಾಪೀಠದ ದೊಡ್ಡ ಗ್ರಂಥಾಲಯವು ಎದ್ದು 1970ರಲ್ಲಿ ತೆರೆಯಿತು. ಆಟವಿಲ್ಲದ ಆ ಮೂವತ್ತು ವರ್ಷಗಳಲ್ಲಿ ಷಿಕಾಗೋದ ವಿದ್ವತ್ತಿನ ಹೆಸರಿಗೆ ಕುಂದು ಬಂದಿತೆಂದು ಯಾರೂ ಹೇಳಲಾರರು.

ಕಥೆಯು ಇಲ್ಲಿಗೇ ಮುಗಿದಿದ್ದರೆ ನೀತಿಯು ಸರಳವಾಗುತ್ತಿತ್ತು. 1969ರಲ್ಲಿ ಷಿಕಾಗೋ ಮತ್ತೆ ತಂಡವನ್ನು ಕಟ್ಟಿತು, ಇಂದಿಗೂ ಆಡುತ್ತಿದೆ. ಆದರೆ ಈ ಸಲ ಆಟದ ಸ್ಥಾನವೇ ಬೇರೆ. ಆಟಕ್ಕೆಂದು ವೇತನವಿಲ್ಲ, ಇತರರಂತೆಯೇ ಪ್ರವೇಶ ಪಡೆದು ಇತರರಂತೆಯೇ ಪರೀಕ್ಷೆಗೆ ಕೂರುವ ವಿದ್ಯಾರ್ಥಿಗಳು ತಮ್ಮ ಬಿಡುವಿನಲ್ಲಿ ಚಿಕ್ಕ ಕಣವೊಂದರಲ್ಲಿ ಆಡುತ್ತಾರೆ. ಸಂಸ್ಥೆಯ ಹೆಸರನ್ನು ಅವರು ಹೊರಬೇಕಾಗಿಲ್ಲ. ಅದನ್ನು ಹೊರುವವರು ಬೇರೆ ಇದ್ದಾರೆ. ಒಂದೇ ವಿದ್ಯಾಪೀಠವು ಒಂದೇ ಆಟವನ್ನು ಎರಡು ಸಲ ತೊಡಗಿತು: ಮೊದಲ ಸಲ ವಿದ್ಯಾಪೀಠಕ್ಕೆ ಆಟ ಬೇಕಾಗಿತ್ತು, ಎರಡನೆಯ ಸಲ ವಿದ್ಯಾರ್ಥಿಗಳಿಗೆ ಬೇಕಾಗಿತ್ತು. ಮಿದುಳಿನ ಅಪಾಯವು ಅಲ್ಲಿಯೂ ಇಲ್ಲದಿಲ್ಲ. ಆದರೂ ಆಡದೆ ಹೋದರೆ ಓದು ತಪ್ಪುವುದೆಂಬ ಭಯವಿಲ್ಲದ ಹುಡುಗನು, ಬೇಡವೆನಿಸಿದ ದಿನ, ಶಿರಸ್ತ್ರಾಣವನ್ನು ಕೆಳಗಿಟ್ಟು ತರಗತಿಗೆ ನಡೆಯಬಲ್ಲನು.

ಇದರಿಂದ ನಮಗೆ ತೋರುವ ಒರೆಗಲ್ಲು ಇಷ್ಟೆ. ಆಟವನ್ನು ಹೊಸದಾಗಿ ತೊಡಗುವ ವಿದ್ಯಾಪೀಠವು ತನ್ನ ನಿಜವಾದ ಕಾರಣವನ್ನು ಇಬ್ಬರ ಮುಂದೆ ನಿಂತು ಬಾಯಿಬಿಟ್ಟು ಹೇಳಬಲ್ಲುದೆ? ಒಬ್ಬನು ಆಡಲು ಬಂದ ಹದಿನೆಂಟು ವರ್ಷದ ಹುಡುಗ. ಒಬ್ಬಳು ಆಟ ನೋಡದೆ ಶುಲ್ಕ ತೆರುವ ವಿದ್ಯಾರ್ಥಿನಿ. “ನಮ್ಮ ಹಾಸಿಗೆಗಳು ಖಾಲಿ ಬಿದ್ದಿವೆ, ನೀನು ತೆರುವ ಶುಲ್ಕ ನಮಗೆ ಬೇಕು, ನಿನ್ನ ತಲೆಗೆ ಇಂಥ ಅಪಾಯವುಂಟು, ಪ್ರತಿಯಾಗಿ ಇಂಥ ವಿದ್ಯೆಯನ್ನು ಕೊಡುವೆವು, ಪೆಟ್ಟುತಿಂದು ಆಟ ಬಿಟ್ಟರೂ ಕೊಡುವೆವು” ಎಂದು ಅವನಿಗೆ ಹೇಳಿದ ಮೇಲೂ ಅವನು ಬರುವುದಾದರೆ, ಅದು ಸ್ವತಂತ್ರನ ಒಪ್ಪಿಗೆ. “ಊರು ನಮ್ಮನ್ನು ತನ್ನದೆಂದು ತಿಳಿಯಬೇಕೆಂಬ ಆಸೆಯಿಂದ ನಿನ್ನ ಹಣದಲ್ಲಿ ಇಷ್ಟನ್ನು ತೆಗೆದುಕೊಳ್ಳುತ್ತೇವೆ” ಎಂದು ಅವಳಿಗೆ ಹೇಳಲು ನಾಲಗೆ ಏಳದಿದ್ದರೆ, ಆ ಹಣವನ್ನು ತೆಗೆದುಕೊಳ್ಳುವ ಅಧಿಕಾರವೂ ಇರದು. ಕಿವಿಯಲ್ಲಿ ಒಂದು, ಪತ್ರದಲ್ಲಿ ಒಂದು, ಮಂಡಳಿಯ ಸಭೆಯಲ್ಲಿ ಒಂದು ಎಂದು ಕಾರಣವು ಮೂರಾಗುವಲ್ಲಿ ಅಧರ್ಮವು ಹೊಕ್ಕಿದೆಯೆಂದು ತಿಳಿಯಬೇಕು.

ಇಷ್ಟು ಬಿಗಿಯಾದರೆ ಲೋಕದಲ್ಲಿ ಯಾವ ಕಾರ್ಯ ನಡೆದೀತು, ಎಲ್ಲ ಸಂಸ್ಥೆಗಳೂ ಬೆರಕೆಯಾದ ಕಾರಣಗಳಿಂದಲೇ ನಡೆಯುವುದಿಲ್ಲವೆ ಎಂದು ಕೇಳಬಹುದು. ಕಾರಣಗಳು ಬೆರಕೆಯಾಗಿರುವುದು ದೋಷವಲ್ಲ. ಮನುಷ್ಯರ ಕೆಲಸಗಳೆಲ್ಲ ಹಾಗೆಯೇ. ಹಾರ್ಪರರ ಕಾರಣಗಳೂ ಬೆರಕೆಯಾಗಿದ್ದುವು, ಆದರೂ ಅವರು ಕಟ್ಟಿದ ವಿದ್ಯಾಪೀಠವು ದೊಡ್ಡದಾಯಿತು. ನಾವು ಬೇಡುವುದು ಶುದ್ಧಿಯನ್ನಲ್ಲ, ಬಯಲನ್ನು. ಬೆರಕೆಯನ್ನು ಬೆರಕೆಯೆಂದೇ ಹೇಳಿದಲ್ಲಿ ಕೇಳುವವನು ತೂಗಿ ನೋಡಬಲ್ಲನು. ತೂಕದ ತಕ್ಕಡಿ ಅವನ ಕೈಯಲ್ಲಿರುತ್ತದೆ. ಹೇಳದೆ ಹೋದಲ್ಲಿ ಅವನು ತಾನೇ ತಕ್ಕಡಿಯ ಮೇಲಣ ವಸ್ತುವಾಗುತ್ತಾನೆ.

2009ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಹಾಫ್‌ಸ್ಟ್ರಾ ವಿದ್ಯಾಪೀಠವು ಬಹುಕಾಲದ ತನ್ನ ತಂಡವನ್ನು ನಿಲ್ಲಿಸಿ, ಆ ಹಣವನ್ನು ವಿದ್ಯಾಕಾರ್ಯಗಳಿಗೂ ವಿದ್ಯಾರ್ಥಿವೇತನಗಳಿಗೂ ತಿರುಗಿಸುವುದಾಗಿ ಎಲ್ಲರೆದುರಿಗೆ ಹೇಳಿತು. ಅದು ಸರಿಯೋ ತಪ್ಪೋ ಎಂಬುದರಲ್ಲಿ ಅಭಿಪ್ರಾಯಭೇದವಿರಬಹುದು; ಹೇಳಿದ ಕಾರಣವೇ ಮಾಡಿದ ಕಾರಣವೆಂದು ಜನರು ತಿಳಿಯುವಂತಿತ್ತು. ತೊಡಗುವವರಿಂದಲೂ ಇಷ್ಟನ್ನೇ ನಿರೀಕ್ಷಿಸಬೇಕು. ತರುಣರು ಓಡಲಿ, ಹಾರಲಿ, ಬಿದ್ದು ಏಳಲಿ. ಶರತ್ಕಾಲದ ಬಿಸಿಲಿನಲ್ಲಿ ಊರೆಲ್ಲ ನೆರೆದು ಕೂಗಲಿ. ವಿದ್ಯೆಗೂ ಆಟಕ್ಕೂ ಹುಟ್ಟುವೈರವೇನೂ ಇಲ್ಲ. ಆದರೆ ಬೆಲ್ಲವನ್ನು ಸವರಿದ ಕೈಯಲ್ಲಿ ಔಷಧದ ಬಟ್ಟಲೂ ಇರಬೇಕು. ಅದು ಇದೆಯೋ ಇಲ್ಲವೋ ಎಂದು ಕೇಳುವ ಅಧಿಕಾರವು ಮಗನನ್ನೋ ಮಗಳನ್ನೋ ಆ ಬಾಗಿಲೊಳಕ್ಕೆ ಕಳುಹಿಸುವ ಪ್ರತಿಯೊಂದು ಮನೆಗೂ ಉಂಟು.